ಚಾರ್ಜರ್‌ಗೂ ಮೊದಲು ಅರ್ಥಿಂಗ್ ಮಾಡಿಸಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬಂಧುಗಳೇ,

ಕರೆಂಟ್ ಗಾಡಿ ಬೇಡ ಎನ್ನಲು ಈ ಕರಪತ್ರ ಅಚ್ಚು ಹಾಕಿಸಿಲ್ಲ. ಹಡಗಲಿಯ ಮಲ್ಲಿಗೆ ಬೆಳೆಗಾರ ಮೊಗ್ಗು ಬಿಡಿಸಿ ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಿಸಬೇಕು. ರಾತ್ರಿ ಮನೆಯಲ್ಲೇ ಚಾರ್ಜಿಗಿಟ್ಟ ಸ್ಕೂಟರ್ ಅವರಿಗೆ ಬಂಕಿನ ದಾರಿಯನ್ನೂ ಖರ್ಚನ್ನೂ ಉಳಿಸುತ್ತದೆ. ಮನೆಗಿರುವ ಮೀಟರಿನಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯೇ ಹೇಳಿದೆ.

ಆದರೆ ನಾವು ಮಾಡುವುದೇನು? ಗಾಡಿ ಬಂದ ದಿನವೇ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು, ಫ್ರಿಜ್ಜಿನ ಪ್ಲಗ್ಗಿಗೆ ಚುಚ್ಚಿ ಮಲಗುತ್ತೇವೆ. ಪ್ಲಗ್ಗಿಗೆ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಬೇಡಿ. ಎಷ್ಟೋ ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಇದ್ದರೂ, ಮನೆ ಕಟ್ಟುವಾಗ ಇದ್ದಿಲು, ಉಪ್ಪು ಹಾಕಿ ಹೂತ ಪೈಪಿಗೆ ಆಮೇಲೆ ಒಂದು ಕೊಡ ನೀರು ಬಿದ್ದಿರುವುದಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ಬೇಸಿಗೆಯಲ್ಲಿ ನೆಲ ಒಣಗಿದರೆ ಕರೆಂಟ್ ಸಲೀಸಾಗಿ ಭೂಮಿಗೆ ಇಳಿಯುವುದಿಲ್ಲ. ಚಾರ್ಜರ್ ಕೆಟ್ಟು ಗಾಡಿಯ ಮೈಗೆ ಕರೆಂಟ್ ಹರಿದ ದಿನ, ಬೆಳಗ್ಗೆ ಪ್ಲಗ್ ಕೀಳಲು ಬಂದ ಮಗುವಿನ ಮೈಯೇ ಅದಕ್ಕೆ ದಾರಿಯಾಗುತ್ತದೆ. ಗಿಡಕ್ಕೆ ಹಾಕುವ ನೀರಿನಲ್ಲಿ ಒಂದು ಕೊಡ ಅರ್ಥಿಂಗ್ ಗುಂಡಿಗೂ ಹಾಕಿ, ತಾಯಂದಿರೇ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನೇ ಕರೆಸಿ. ಮೀಟರ್ ಬೋರ್ಡಿನಿಂದ ಬೇರೆಯೇ ವೈರ್ ಎಳೆಸಿ, 15 ಆಂಪಿಯರ್ ಪ್ಲಗ್ ಹಾಕಿಸಿ, ಅದಕ್ಕೊಂದು ಎಂಸಿಬಿ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿ. ಕರೆಂಟ್ ಸೋರಿದ ಕ್ಷಣವೇ ಲೈನ್ ಕಡಿಯುವುದು ಆರ್‌ಸಿಸಿಬಿ. ಎಂಸಿಬಿ ಆ ಕೆಲಸ ಮಾಡುವುದಿಲ್ಲ. ಗಾಡಿಗೆ ಲಕ್ಷ ಕೊಟ್ಟವರು ಇಲ್ಲಿ ಚೌಕಾಸಿ ಮಾಡುವುದು ತಪ್ಪು.

ಕಾರು ತರುವವರು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಗೋಡೆಗೆ ಕೂರಿಸುವ ಚಾರ್ಜರ್ ಸಾಮಾನ್ಯವಾಗಿ 7 ಕಿಲೋವ್ಯಾಟ್ ಎಳೆಯುತ್ತದೆ. ಮನೆಗೆ ಮಂಜೂರಾಗಿರುವುದು ಎರಡೋ ಮೂರೋ ಆದರೆ, ಜೆಸ್ಕಾಂ ಇರಲಿ ಬೆಸ್ಕಾಂ ಇರಲಿ, ಬಿಲ್ ಕೊಡುವ ಕಚೇರಿಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಹೇಳದೆ ಎಳೆದು ಟ್ರಾನ್ಸ್‌ಫಾರ್ಮರ್ (ಟಿಸಿ) ಸುಟ್ಟರೆ ಇಡೀ ಓಣಿ ಕತ್ತಲಲ್ಲಿ ಕೂರಬೇಕು. ಗೃಹಜ್ಯೋತಿಯವರೂ ಲೆಕ್ಕ ಹಾಕಿಕೊಳ್ಳಿ: ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಇನ್ನೊಂದು ಮಾತು. ಬಿಸಿಲಲ್ಲಿ ಓಡಿಸಿ ತಂದ ಗಾಡಿ ತಣ್ಣಗಾದ ಮೇಲೆಯೇ ಚಾರ್ಜಿಗಿಡಿ. ಮಲಗುವ ಕೋಣೆಯಲ್ಲಿ, ತಲೆಬಾಗಿಲಿಗೆ ಅಡ್ಡವಾಗಿ ಮಾತ್ರ ಇಡಲೇಬೇಡಿ. 2022ರ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗಿಟ್ಟ ಸ್ಕೂಟರ್ ಹೊತ್ತಿಕೊಂಡು, ಹೊಗೆಯಲ್ಲಿ ಉಸಿರುಗಟ್ಟಿ ತಂದೆ, ಮಗಳು ಇಬ್ಬರೂ ತೀರಿಕೊಂಡರು.

ನಿಮ್ಮ ಮನೆಯ ಅರ್ಥಿಂಗ್ ಇದೇ ವಾರ ಪರೀಕ್ಷೆ ಮಾಡಿಸಿ. ಓದಿದ ಮೇಲೆ ಈ ಹಾಳೆಯನ್ನು ಎಸೆಯದೆ ಪಕ್ಕದ ಮನೆಯವರಿಗೆ ಕೊಡಿ.