ಪಟ್ಟ ಕಟ್ಟಿದಿರಿ, ಕೂಳು ಕಸಿದಿರಿ

ರಾಜ್ಯದ ಪಾತರಗಿತ್ತಿ ಯಾವುದೋ? ನಮ್ಮ ಬೀದರ ಕಡೆಯ ಜನವಾಡದ ಹುಡುಗರನ್ನು ಕೇಳಿ ನೋಡಿ. ಸ್ಪರ್ಧಾ ಪರೀಕ್ಷೆಗೆ ಓದಿದವ ಇದ್ದರೆ ಹೇಳುತ್ತಾನೆ: ಸದರ್ನ್ ಬರ್ಡ್‌ವಿಂಗ್. ಕಣ್ಣಿಲೆ ಕಂಡೀಯೇನು? ಇಲ್ಲ. ಹ್ಯಾಂಗ ಕಂಡಾನು? ಅದರ ಮನಿ ಸಹ್ಯಾದ್ರಿಯ ಕಾಡು. ಅಲ್ಲೂ ಅದರ ಹುಳ ಬದುಕುವುದು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಕೆಲವೇ ಗಿಡಗಳ ಎಲೆ ತಿಂದು. ಬಳ್ಳಿ ಕಿತ್ತರೆ ಪಟ್ಟದ ಪಾತರಗಿತ್ತಿಯ ಕಥೆ ಮುಗಿಯಿತು.

ಸಾಹೇಬರೇ, ಪಟ್ಟ ಕಟ್ಟಿದಿರಿ. ಸಂತೋಷ. 2015ರಲ್ಲಿ ಪಕ್ಕದ ಮಹಾರಾಷ್ಟ್ರ ಬ್ಲೂ ಮಾರ್ಮನ್‌ಗೆ ಮೊದಲು ಪಟ್ಟ ಕಟ್ಟಿತು, ಆಮೇಲೆ ರಾಜ್ಯಗಳ ಸಾಲು ಹತ್ತಿತು. ಆದರೆ ಪಟ್ಟದ ಪಾತರಗಿತ್ತಿಯ ಹುಳ ಉಣ್ಣುವ ಎಲೆಗೆ ಯಾರು ಕಾವಲು?

ಕಾಡಿನ ಮಾತು ಬಿಡಿ. ನಮ್ಮ ಬದುವಿಗೆ ಬನ್ನಿ. ಇಲ್ಲಿ ಎಕ್ಕದ ಗಿಡ ಇತ್ತು. ಕೇಸರಿ ಬಣ್ಣದ ಪಾತರಗಿತ್ತಿ ಅದರ ಎಲೆ ಮೇಲೆ ಮೊಟ್ಟೆ ಇಡುತ್ತಿತ್ತು. ಹುಳ ಎಕ್ಕದ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿ ಬಾಯಿಂದ ಬಚಾವಾಗುತ್ತಿತ್ತು. ಎಂಥಾ ಗಟ್ಟಿ ಜೀವ! ಎಕ್ಕದ ವಿಷ ಅರಗಿಸಿಕೊಂಡ ಈ ಹುಳಕ್ಕೆ ನಿಮ್ಮ ಡಬ್ಬಿಯ ವಿಷ ಅರಗಲಿಲ್ಲ.

ಈಗ ಬದುವಿಗೂ ಕಸ ಸುಡುವ ಎಣ್ಣಿ. ರಸ್ತೆ ಬದಿಗೆ ಜೆಸಿಬಿ. ತೊಗರಿ ಹೂವಿಗೆ ಬಂದ ಜೇನಿಗೂ ಎಣ್ಣಿ. ಎಣ್ಣಿ ಹೊಡೆಯುವ ಪಂಪಿಗೆ ಸಬ್ಸಿಡಿ ಉಂಟು, ಹೂವಿಗೆ ಬಂದ ಜೇನಿಗೆ ಕಾವಲು ಉಂಟೇ? ಶನಿವಾರ ಹಣಮಪ್ಪನಿಗೆ ಎಕ್ಕದ ಮಾಲೆ ಹಾಕುತ್ತೇವೆ, ಸೋಮವಾರ ಅದೇ ಗಿಡ ಬುಡಸಹಿತ ಕೀಳುತ್ತೇವೆ. ಹೌದು, ನಾವೂ. ಪಂಪು ನಮ್ಮ ಹೆಗಲ ಮೇಲೇ ಇದೆ. ಆದರೆ ಅದನ್ನು ಹೆಗಲಿಗೇರಿಸಿದವರು ಯಾರು? ‘ಇನ್ನೊಂದು ಸಲ ಹೊಡೀರಿ’ ಅಂತ ಡಬ್ಬಿ ಕೈಗಿಟ್ಟ ಅಂಗಡಿಯವರನ್ನು ಯಾವ ಸಾಹೇಬರು ಕೇಳಿದರು?

ಇನ್ನೂ ಕೇಳಿ. ನಮ್ಮ ರಾಜ್ಯಪಕ್ಷಿ ನೀಲಕಂಠ. ಇದು ಕಾಡಿನ ಹಕ್ಕಿಯಲ್ಲ, ನಮ್ಮ ಹೊಲದ್ದು. ಕರೆಂಟಿನ ತಂತಿ ಮೇಲೆ ಕೂತು, ಕೆಳಗೆ ಮಿಡತೆ ಮಿಸುಕಿದರೆ ಎರಗುವ ಹಕ್ಕಿ. ತೆಲಂಗಾಣಕ್ಕೂ ಇದೇ ರಾಜ್ಯಪಕ್ಷಿ. ದಸರಾಕ್ಕೆ ಕಂಡರೆ ಶುಭ ಅನ್ನುತ್ತಾರೆ. ಎರಡು ರಾಜ್ಯ ಸೇರಿ ಒಂದು ಹಕ್ಕಿಗೆ ಕಿರೀಟ ಇಟ್ಟವು. ತಟ್ಟೆಯಲ್ಲಿ ಮಾತ್ರ ವಿಷ ಬೆರೆತ ಮಿಡತೆ. ಇದಕ್ಕೆ ಗೌರವ ಅನ್ನುತ್ತಾರೇನ್ರಿ?

ಹುಳ ಸತ್ತರೆ ಏನು ಮಹಾ ಅನ್ನುವವರು ಕಾಸರಗೋಡಿಗೆ ಹೋಗಿ ಬನ್ನಿ. ಗೇರು ತೋಪಿನ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ಆ ವಿಷವನ್ನೇ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಮಕ್ಕಳು ಹಾಸಿಗೆ ಹಿಡಿದಾಗಿತ್ತು.

ಪಟ್ಟ ಕಟ್ಟುವುದಕ್ಕೆ ಒಂದು ಸಹಿ ಸಾಕು. ಬದು ಉಳಿಸುವುದಕ್ಕೆ ರಸ್ತೆ ಗುತ್ತಿಗೆದಾರನ ಕೈ ಹಿಡಿಯಬೇಕು, ಔಷಧ ಅಂಗಡಿಯ ಲೆಕ್ಕ ಕೇಳಬೇಕು. ಅದಕ್ಕೇ ಸಹಿ ಬೇಗ ಬೀಳುತ್ತದೆ, ಕೈ ಏಳುವುದಿಲ್ಲ.

ತಾವಾಗಿ ಸಾಹೇಬರು ಕೇಳಲಾರರು. ಬರುವ ಗ್ರಾಮಸಭೆಗೆ ಬರ್ರಿ. ಜನವಾಡದವರು, ಭಾಲ್ಕಿಯವರು, ಔರಾದದವರು, ಎಲ್ಲಾರೂ ನಿಮ್ಮ ನಿಮ್ಮ ಸಭೆಗೆ. ಕೈಯಾಗ ಒಂದೊಂದು ಎಕ್ಕದ ಟೊಂಗೆ ಹಿಡಕೊಂಡು ಬರ್ರಿ. ಸಿಕ್ಕರೆ.