ಹೊಸ ಗಾಡಿಯ ಕಂತು, ಹಳೇ ಗಾಡಿಯ ಕಾಗದ

ಕೊಪ್ಪಳ ಜಿಲ್ಲೆಯಲ್ಲಿ ಬೈಕ್ ಕೊಳ್ಳಲು ಹೊರಟವರು ಮೊದಲು ಕೇಳುವುದು 'ಮೈಲೇಜ್ ಎಷ್ಟು ಕೊಡ್ತದ ರೀ?' ಎಂದು. ಆಮೇಲೆ 'ಕಂತು ಎಷ್ಟು ಬೀಳ್ತದ?' ಎಂದು. ಐದಾರು ವರ್ಷ ಇಟ್ಟುಕೊಂಡು ಮಾರಿದರೆ ಆ ಗಾಡಿ ಒಟ್ಟು ಎಷ್ಟು ದುಡ್ಡು ತಿಂದಿರುತ್ತದೆ ಎಂದು ಕೇಳುವವರು ಕಡಿಮೆ. ಹೊಸದೋ ಹಳೆಯದೋ ಎಂಬ ತಕರಾರು ಬಗೆಹರಿಯುವುದು ಆ ಲೆಕ್ಕದಲ್ಲೇ. ಷೋರೂಮಿನ ಬೆಲೆಯನ್ನೂ ಸೆಕೆಂಡ್ ಹ್ಯಾಂಡ್ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯದೇ ಅಗ್ಗ ಎಂದು ಯಾರಿಗಾದರೂ ಅನ್ನಿಸುತ್ತದೆ. ಪೂರ್ತಿ ಲೆಕ್ಕ ಹಾಕಿದಾಗ ಚಿತ್ರ ಬೇರೆಯಾಗುತ್ತದೆ, ಎಲ್ಲರಿಗೂ ಒಂದೇ ಥರ ಬೇರೆಯಾಗುವುದೂ ಇಲ್ಲ.

ಹೊಸ ಗಾಡಿಯಿಂದ ಶುರು ಮಾಡೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ₹80,000 ಇದ್ದ ಗಾಡಿ ₹73,750ರ ಆಸುಪಾಸಿಗೆ ಬಂತು. ಆದರೆ ಷೋರೂಮಿನ ಬೆಲೆ ಕೊಟ್ಟರೆ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಕರ್ನಾಟಕದಲ್ಲಿ ಬೈಕಿನ ಜೀವಾವಧಿ ತೆರಿಗೆ ₹50,000ದವರೆಗೆ ಶೇ 10, ಒಂದು ಲಕ್ಷದವರೆಗೆ ಶೇ 12, ಲಕ್ಷ ದಾಟಿದರೆ ಶೇ 18. ಅದರ ಮೇಲೆ ಸೆಸ್ ಬೇರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ನೂರು ಸಿಸಿ ಗಾಡಿಗೆ ಅದು ₹3,851, ತೆರಿಗೆ ಪ್ರತ್ಯೇಕ. ಗಾಡಿಯ ಸ್ವಂತ ಹಾನಿಯ ವಿಮೆ, ಸವಾರನ ಅಪಘಾತ ವಿಮೆ, ನೋಂದಣಿ, ನಂಬರ್ ಪ್ಲೇಟ್ ಎಲ್ಲ ಸೇರಿದರೆ ₹75,000ದ ಗಾಡಿ ಮನೆ ಮುಂದೆ ನಿಲ್ಲುವ ಹೊತ್ತಿಗೆ ಸುಮಾರು ₹93,000 ಆಗಿರುತ್ತದೆ. ಈ ಮೇಲಿನ ಹದಿನೆಂಟು ಸಾವಿರದಲ್ಲಿ ಒಂದು ಪೈಸೆಯೂ ನಾಳೆ ಮಾರುವಾಗ ವಾಪಸ್ ಬರುವುದಿಲ್ಲ.

ಹಳೇ ಗಾಡಿಯ ದೊಡ್ಡ ಬಲ ಇದೇ. ತೆರಿಗೆಯನ್ನು ಮೊದಲನೆಯವನು ಕಟ್ಟಿ ಆಗಿದೆ. ಕೆಎ-37 ನಂಬರಿನ ಗಾಡಿ ಗಂಗಾವತಿಯಿಂದ ಯಲಬುರ್ಗಾಕ್ಕೆ ಕೈ ಬದಲಾದರೆ ಎರಡನೇ ಸಲ ಜೀವಾವಧಿ ತೆರಿಗೆ ಇಲ್ಲ. 150 ಸಿಸಿ ಮೇಲಿನ ಗಾಡಿ ನೋಡುವವರಿಗೆ ಈ ಅಂಶ ಇನ್ನೂ ತೂಕದ್ದು. ₹99,000ದ ಗಾಡಿಗೆ ತೆರಿಗೆ ₹11,880, ₹1,01,000ದ ಗಾಡಿಗೆ ₹18,180. ಬೆಲೆಯಲ್ಲಿ ಎರಡು ಸಾವಿರದ ಅಂತರ, ತೆರಿಗೆಯಲ್ಲಿ ಆರು ಸಾವಿರಕ್ಕೂ ಮೇಲೆ. ಹಾಗಾಗಿ ಲಕ್ಷ ದಾಟಿದ ಗಾಡಿ ಬೇಕೆನ್ನುವವರು ಮೂರು ನಾಲ್ಕು ವರ್ಷ ಓಡಿದ್ದನ್ನು ಕೊಂಡರೆ ಆ ಹೊಡೆತದಿಂದ ಪಾರಾಗುತ್ತಾರೆ. ಗಂಗಾವತಿ, ಕಾರಟಗಿ ಕಡೆ ಇನ್ನೊಂದು ಮಾತು ನೆನಪಿಡಬೇಕು: ಆಂಧ್ರ, ತೆಲಂಗಾಣದ ನಂಬರಿನ ಗಾಡಿ ಕಡಿಮೆಗೆ ಸಿಗುತ್ತದೆ ಎಂದು ತಂದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಕಡಿಮೆಯಾದದ್ದೆಲ್ಲ ಅಲ್ಲೇ ಕರಗುತ್ತದೆ.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಇದು ಅಂದಾಜಿನ ಲೆಕ್ಕ. ನಿಮ್ಮೂರಿನ ಬೆಲೆ ಹಾಕಿಕೊಂಡು ನೀವೂ ಮಾಡಬಹುದು.

₹93,000 ನಗದು ಕೊಟ್ಟು ಹೊಸದು ಕೊಂಡು ಆರು ವರ್ಷದ ಮೇಲೆ ₹40,000ಕ್ಕೆ ಮಾರಿದರೆ ಕಳೆದುಹೋದದ್ದು ₹53,000, ಅಂದರೆ ವರ್ಷಕ್ಕೆ ₹8,800 ಚಿಲ್ಲರೆ. ಅದೇ ಆರು ವರ್ಷದ ಗಾಡಿಯನ್ನು ₹40,000ಕ್ಕೆ ಕೊಂಡವನು ಹೆಸರು ಬದಲಾವಣೆ, ವಿಮೆ, ದಲ್ಲಾಳಿ ಎಂದು ₹3,000 ಕೊಡುತ್ತಾನೆ. ಎರಡು ಟಯರು, ಚೈನ್ ಸೆಟ್, ಬ್ಯಾಟರಿ, ಕ್ಲಚ್ ಪ್ಲೇಟ್ ಎಂದು ಮೊದಲ ತಿಂಗಳಲ್ಲೇ ₹8,000 ಹೋಗುತ್ತದೆ. ಒಟ್ಟು ₹51,000. ಇನ್ನಾರು ವರ್ಷ ಓಡಿಸಿ ₹15,000ಕ್ಕೆ ಮಾರಿದರೆ ವರ್ಷಕ್ಕೆ ₹6,000. ಹೊಸದಕ್ಕಿಂತ ಹೆಚ್ಚು ಬೀಳುವ ರಿಪೇರಿ, ವರ್ಷವರ್ಷ ಕಟ್ಟುವ ವಿಮೆ ಸೇರಿ ಇನ್ನೊಂದು ₹3,000. ಅಲ್ಲಿಗೆ ₹9,000 ಆಯಿತು. ನಗದು ಇದ್ದವನಿಗೆ ಹೊಸದಕ್ಕೂ ಹಳೆಯದಕ್ಕೂ ವರ್ಷದ ಖರ್ಚು ಹೆಚ್ಚು ಕಡಿಮೆ ಒಂದೇ! ಹಳೆಯದನ್ನು ಹಿಡಿದವನ ಕೈಯಲ್ಲಿ ₹42,000 ಉಳಿದಿರುತ್ತದೆ ಎಂಬುದೂ ನಿಜ. ಬೀಜ ಗೊಬ್ಬರಕ್ಕೆ ಸಾಲ ಮಾಡುವ ಮನೆಯಲ್ಲಿ ಆ ಉಳಿದ ದುಡ್ಡಿಗೆ ದೊಡ್ಡ ಬೆಲೆಯಿದೆ.

ಆದರೆ ನಮ್ಮ ಕಡೆ ನಗದು ಕೊಟ್ಟು ಹೊಸದು ತರುವವರು ಎಷ್ಟು ಜನ? ₹13,000 ಮುಂಗಡ ಕಟ್ಟಿ ಉಳಿದ ₹80,000ಕ್ಕೆ ಮೂರು ವರ್ಷದ ಫೈನಾನ್ಸ್ ಮಾಡಿಸಿದರು ಎನ್ನಿ. ಕೌಂಟರಿನಲ್ಲಿ 'ಬರೀ ಹತ್ತು ಪರ್ಸೆಂಟ್' ಅನ್ನುತ್ತಾರೆ. ಅದು ಫ್ಲಾಟ್ ಬಡ್ಡಿಯಾಗಿದ್ದರೆ ಮೂರು ವರ್ಷಕ್ಕೆ ₹24,000, ತಿಂಗಳಿಗೆ ₹2,889ರ ಕಂತು. ಅಸಲು ತೀರುತ್ತ ಬಂದರೂ ಬಡ್ಡಿಯನ್ನು ಪೂರ್ತಿ ₹80,000ದ ಮೇಲೇ ಲೆಕ್ಕ ಹಾಕಿರುತ್ತಾರೆ. ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕದಲ್ಲಿ ಇದು ಹೆಚ್ಚು ಕಡಿಮೆ ಶೇ 18 ಆಗುತ್ತದೆ. ಹೊಸ ಗಾಡಿಯ ಖರ್ಚು ವರ್ಷಕ್ಕೆ ₹8,800ರಿಂದ ₹12,800ಕ್ಕೆ ಏರುತ್ತದೆ. ಹೊಸದು ದುಬಾರಿ ಎಂದು ನಾವು ಬೈಯುವಾಗ ಗಾಡಿಯನ್ನು ಬೈಯುತ್ತೇವೆ. ಹೆಚ್ಚಿನ ಭಾರವೆಲ್ಲ ಬಡ್ಡಿಯದು. ಹಳೇ ಗಾಡಿಯನ್ನೂ ಫೈನಾನ್ಸಿನಲ್ಲೇ ತೆಗೆದುಕೊಂಡರೆ ಬಡ್ಡಿ ಸಾಮಾನ್ಯವಾಗಿ ಇನ್ನೂ ಮೇಲಿರುತ್ತದೆ. ಅಲ್ಲಿಗೆ ಎರಡೂ ಕಡೆಯ ನಷ್ಟ ಒಬ್ಬನ ತಲೆಗೇ ಬೀಳುತ್ತದೆ.

ಕಂತಿನ ಮಾತು ಬಂದಾಗ ಜಿಲ್ಲೆಯ ಏಳೂ ತಾಲ್ಲೂಕಿನ ಆದಾಯ ಒಂದೇ ರೀತಿ ಬರುವುದಿಲ್ಲ ಎಂಬುದನ್ನು ಮರೆಯಬಾರದು. ಗಿಣಗೇರಿಯ ಕಾರ್ಖಾನೆಯಲ್ಲೋ ಭಾನಾಪುರದ ಆಟಿಕೆ ಘಟಕದಲ್ಲೋ ಸಂಬಳಕ್ಕೆ ಹೋಗುವವನಿಗೆ ತಿಂಗಳ ಐದನೇ ತಾರೀಕು ಕಂತು ಕಡಿತವಾದರೆ ಕಷ್ಟವಿಲ್ಲ. ಗಂಗಾವತಿಯ ಭತ್ತದ ರೈತನ ಕೈಗೆ ದುಡ್ಡು ಬರುವುದು ಸುಗ್ಗಿಯಲ್ಲಿ, ಅದೂ ಕಾಲುವೆಯಲ್ಲಿ ನೀರು ಬಂದರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎಷ್ಟೋ ಮನೆಗಳಲ್ಲಿ ಆ ವರ್ಷದ ಬೆಳೆಯ ಜೊತೆಗೆ ಟ್ರ್ಯಾಕ್ಟರ್, ಬೈಕಿನ ಕಂತಿನ ಚಿಂತೆಯೂ ಶುರುವಾಯಿತು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಎರೆ ಹೊಲದವರದ್ದು ಇನ್ನೂ ಅನಿಶ್ಚಿತ. ಜೋಳ, ಕಡಲೆ ಕೈಕೊಟ್ಟರೆ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುವ ಮನೆಗಳಿವೆ. ಮೂರು ಕಂತು ತಪ್ಪಿದರೆ ಗಾಡಿ ಸೀಜ್ ಆಗಿ ಯಾರ್ಡಿಗೆ ಹೋಗಬಹುದು, ಕಟ್ಟಿದ್ದೂ ಹೋಗಬಹುದು. ಇಂಥ ಮನೆಗೆ ಪೂರ್ತಿ ದುಡ್ಡು ಕೊಟ್ಟು ತಂದ ಹಳೇ ಗಾಡಿ ಅಂಗಳದಲ್ಲಿ ಧೈರ್ಯವಾಗಿ ನಿಲ್ಲುತ್ತದೆ. ಬರಗಾಲದಲ್ಲಿ ಅದನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ.

ರಿಪೇರಿಯ ವಿಷಯದಲ್ಲಿ ಎರಡೂ ಕಡೆ ನ್ಯಾಯವಾದ ಮಾತಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಹನುಮಸಾಗರದಲ್ಲೋ ತಾವರಗೇರಾದಲ್ಲೋ ರಸ್ತೆ ಬದಿಯ ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ, ಜೆಟ್ ಊದಿ, ಅರ್ಧ ಗಂಟೆಯಲ್ಲಿ ಗಾಡಿ ಎಬ್ಬಿಸಿ ಕಳಿಸುತ್ತಾನೆ. ಸೆನ್ಸರ್ ಕೆಟ್ಟ ಗಾಡಿಗೆ ಸ್ಕ್ಯಾನರ್ ಬೇಕು, ಅಂದರೆ ಬಹಳ ಸಲ ಪೇಟೆಯ ಸರ್ವಿಸ್ ಸೆಂಟರಿಗೇ ಬರಬೇಕು. ಹಳ್ಳಿಯವರು 2017ರಿಂದ 2019ರ ನಡುವಿನ ಬಿಎಸ್-4 ಗಾಡಿಯನ್ನು ಹುಡುಕಿಕೊಂಡು ಬರುವುದಕ್ಕೆ ಈ ಕಾರಣವೂ ಇದೆ. ಇನ್ನೊಂದು ಮಗ್ಗುಲೂ ಇದೆ: ಹೊಸ ಗಾಡಿಗೆ ವಾರಂಟಿ ಇರುತ್ತದೆ, ಮೊದಲ ಕೆಲವು ವರ್ಷ ಎಂಜಿನ್ ಬಿಚ್ಚುವ ಪ್ರಸಂಗವೇ ಬರುವುದು ಅಪರೂಪ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್, ಅದರ ಮೇಲಿನವುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಿನಾ ಓಡಾಡುವವರು ಇದನ್ನು ಹಗುರವಾಗಿ ಕಾಣಬಾರದು. ಪೆಟ್ರೋಲ್ ಕೂಡ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. 2023ರ ಏಪ್ರಿಲ್ ನಂತರದ ಗಾಡಿಗಳನ್ನು ಅದಕ್ಕೆ ಹೊಂದುವ ಭಾಗಗಳಿಂದಲೇ ಕಟ್ಟಿದ್ದಾರೆ. ಹಳೆಯವುಗಳಲ್ಲಿ ರಬ್ಬರ್ ಪೈಪು, ಗ್ಯಾಸ್ಕೆಟ್ ಬೇಗ ಬದಲಿಸಬೇಕಾಗಬಹುದು. ಖರ್ಚು ದೊಡ್ಡದಲ್ಲ, ಆದರೂ ಲೆಕ್ಕಕ್ಕೆ ಹಿಡಿಯಬೇಕು.

ಹಳೇ ಗಾಡಿ ನೋಡಲು ಹೋಗುವವರು ಬೆಳಿಗ್ಗೆ, ಮುಂಚಿತವಾಗಿ ತಿಳಿಸದೆ ಹೋಗುವುದು ಒಳ್ಳೆಯದು. ಮೊದಲು ಸೈಲೆನ್ಸರಿನ ಹತ್ತಿರ ಕೈ ಹಿಡಿದು ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಎಂದರ್ಥ. ತಣ್ಣಗಿರುವ ಎಂಜಿನ್ ಎಷ್ಟು ಕಿಕ್ಕಿಗೆ ಏಳುತ್ತದೆ, ಎದ್ದ ಮೇಲೆ ನೀಲಿ ಹೊಗೆ ಬರುತ್ತದೆಯೇ, ಟೈಮಿಂಗ್ ಚೈನಿನ ಸದ್ದು ಬರುತ್ತದೆಯೇ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬೋರ್ ಕೆಲಸ ಬಾಗಿಲಲ್ಲಿದೆ. ಮೇನ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರವನ್ನು ಮೇಲೆತ್ತಿಸಿ ಹ್ಯಾಂಡಲ್ ಅಲುಗಾಡಿಸಿದರೆ ಕೋನ್ ಸೆಟ್ ಸವೆದದ್ದು ಕೈಗೇ ಗೊತ್ತಾಗುತ್ತದೆ. ಗಂಗಾವತಿ ಕಡೆಯ ಗಾಡಿಯಾದರೆ ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿ. ಗದ್ದೆಯ ಕೆಸರು ಒಣಗಿ ಕೂತ ಜಾಗದಲ್ಲೇ ತುಕ್ಕು ಹಿಡಿದಿರುತ್ತದೆ. ಅಕ್ಕಿ, ಗೊಬ್ಬರದ ಚೀಲ ಹೊತ್ತ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿರುತ್ತದೆ. ಗಿಣಗೇರಿ ಸುತ್ತ ಓಡಿದ್ದರೆ ಏರ್ ಫಿಲ್ಟರ್ ಬಿಚ್ಚಿಸಿ ನೋಡಿ, ಕಾರ್ಖಾನೆಯ ಕಪ್ಪು ದೂಳು ಅಲ್ಲಿ ಕೂತಿರುತ್ತದೆ. ಮೀಟರಿನ ಅಂಕಿಯನ್ನು ನಂಬಿ ಬೆಲೆ ಕಟ್ಟಬೇಡಿ. ಮೀಟರ್ ತಿರುಗಿಸಬಹುದು. ಸವೆದ ಫುಟ್‌ರೆಸ್ಟ್ ರಬ್ಬರು, ಚೂಪಾದ ಸ್ಪ್ರಾಕೆಟ್ ಹಲ್ಲುಗಳನ್ನು ಹಾಗೆ ತಿರುಗಿಸಲು ಬರುವುದಿಲ್ಲ. 'ಒಂದೇ ಕೈ ಗಾಡಿ ರೀ ಅಣ್ಣಾ, ಡಾಕ್ಟರ್ ಓಡಿಸಿದ್ದು' ಎಂಬ ಮಾತಿಗಿಂತ ನಿಮ್ಮ ಮೇಸ್ತ್ರಿಗೆ ಮುನ್ನೂರು ರೂಪಾಯಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಮೇಲು.

ಇಷ್ಟಾದರೂ ಯಂತ್ರದ ದೋಷಕ್ಕಿಂತ ಕಾಗದದ ದೋಷವೇ ಹೆಚ್ಚು ಸುಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗಿದೆ, ಫೈನಾನ್ಸ್ ತೀರಿದೆಯೇ ಎಂಬುದು ಗೊತ್ತಾಗುತ್ತದೆ. ಬಾಕಿ ಇರುವ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿದ್ದರೆ ಫಾರ್ಮ್ 35 ಮತ್ತು ಸಾಲ ಕೊಟ್ಟವರ ಎನ್‌ಒಸಿ ಸಿಗುವವರೆಗೆ ದುಡ್ಡು ಕೊಡಬಾರದು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನಿಗೆ 14 ದಿನ. ನಮ್ಮಲ್ಲಿ ಎಷ್ಟೋ ಗಾಡಿಗಳು ಮೂರು ಕೈ ಬದಲಾದರೂ ಆರ್‌ಸಿ ಮೊದಲನೆಯವನ ಹೆಸರಲ್ಲೇ ಇರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ. ಹಾಗಾಗಿ ಈ ಎಚ್ಚರ ಕೊಳ್ಳುವವನಷ್ಟೇ ಮಾರುವವನಿಗೂ ಬೇಕು. ಹೊಸ ಗಾಡಿಯಲ್ಲಿ ಈ ತಲೆನೋವು ಒಂದೂ ಇಲ್ಲ. ಆ ನೆಮ್ಮದಿಗೂ ಸ್ವಲ್ಪ ದುಡ್ಡು ಕೊಡಬಹುದು ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ.

ಗಾಡಿಯ ವಯಸ್ಸೂ ಮುಖ್ಯ. ಹದಿನೈದು ವರ್ಷ ತುಂಬಿದ ಬೈಕಿನ ಆರ್‌ಸಿ ನವೀಕರಿಸಬೇಕು. ಶುಲ್ಕ ₹1,000, ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ ₹2,000. ಹೊಲಕ್ಕೆ ಹೋಗಿ ಬರಲು ಸಾಕು ಎಂದು ಹದಿನೆಂಟು ವರ್ಷದ ಗಾಡಿಯನ್ನು ಹತ್ತು ಸಾವಿರಕ್ಕೆ ತರುವವರು ಇದನ್ನೂ ಕೂಡಿಸಿಕೊಳ್ಳಲಿ. ಇತ್ತ ಎರಡು ಮೂರು ವರ್ಷದ ಸ್ಪ್ಲೆಂಡರ್‌ನಂಥ ಗಾಡಿಗೆ ನಮ್ಮ ಕಡೆ ಬೇಡಿಕೆ ಎಷ್ಟಿದೆಯೆಂದರೆ ಬೆಲೆ ಇಳಿಯುವುದೇ ಇಲ್ಲ. ವಿಮೆಯವರ ಪಟ್ಟಿಯಲ್ಲಿ ಮೂರನೇ ವರ್ಷ ತುಂಬುವಷ್ಟರಲ್ಲಿ ಶೇ 30 ಕಡಿತವಿದೆ. ಪೇಟೆಯಲ್ಲಿ ಮಾರುವವನು ಅಷ್ಟು ಬಿಡಲು ಒಪ್ಪುವುದಿಲ್ಲ, ಜಿಎಸ್‌ಟಿ ಇಳಿಯುವ ಮೊದಲಿನ ಬೆಲೆಯನ್ನೇ ಹಿಡಿದು ಕೂತಿರುತ್ತಾನೆ. ಅಂಥ ಗಾಡಿಗೆ ಎಪ್ಪತ್ತು ಸಾವಿರ ಕೊಡುವುದಕ್ಕಿಂತ ಇನ್ನಿಷ್ಟು ಸೇರಿಸಿ ಹೊಸದು ತರುವುದೇ ಸರಿ. ಅಷ್ಟು ಹೆಸರಿಲ್ಲದ, ಆದರೆ ಗಟ್ಟಿಯಾದ ಮಾಡೆಲ್‌ಗಳಲ್ಲಿ ಹಳೆಯದರ ಲಾಭ ನಿಜಕ್ಕೂ ಸಿಗುತ್ತದೆ. ದಸರಾ, ದೀಪಾವಳಿ ಮುಗಿದು ಎಕ್ಸ್‌ಚೇಂಜಿನ ಗಾಡಿಗಳು ಷೋರೂಮಿನ ಹಿಂಬದಿಯಲ್ಲಿ ಸಾಲಾಗಿ ನಿಂತಾಗ ಚೌಕಾಸಿಗೆ ಒಳ್ಳೆಯ ಹೊತ್ತು.

ನನ್ನನ್ನು ಕೇಳಿದರೆ, ದಿನಕ್ಕೆ ಐವತ್ತು ಕಿಲೋಮೀಟರ್ ಓಡಿಸುವ, ತಿಂಗಳ ಸಂಬಳವಿರುವ, ಅರ್ಧ ದುಡ್ಡಾದರೂ ಕೈಯಲ್ಲಿರುವವನು ಹೊಸದನ್ನೇ ತರಲಿ. ಊರು, ಹೊಲ, ಸಂತೆ ಎಂದು ಹತ್ತು ಹದಿನೈದು ಕಿಲೋಮೀಟರ್ ಓಡಿಸುವ, ಸುಗ್ಗಿಯ ದುಡ್ಡನ್ನೇ ನಂಬಿದವನು ಪರಿಚಯದ ಕೈಯಿಂದ ಬಂದ ಹಳೆಯದನ್ನು ಪೂರ್ತಿ ನಗದು ಕೊಟ್ಟು ತರಲಿ. ಆದರೆ ತಂದ ದಿನವೇ ಎಲ್ಲ ದುಡ್ಡನ್ನೂ ಎಣಿಸಿ ಕೊಡುವ ಅಗತ್ಯವಿಲ್ಲ. ಐದು ಸಾವಿರ ಬಾಕಿ ಇಟ್ಟು, ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಅದನ್ನು ಕೊಡುವುದಾಗಿ ಇಬ್ಬರೂ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿಕೊಳ್ಳಿ. ಒಪ್ಪದ ಮಾರಾಟಗಾರನ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟು ಮುಂದಿನದನ್ನು ನೋಡಿ.