ಹತ್ತಿ ಹೊಲಕ್ಕೆ ಕೃತಕ ಬುದ್ಧಿಮತ್ತೆ: ಎಣಿಕೆಯನ್ನು ಪರೀಕ್ಷಿಸುವವರು ಯಾರು?

ಚಿತ್ರ ನೋಡಿ ಕೀಟವನ್ನು ಗುರುತಿಸುವ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೀಟ ಸರ್ವೇಕ್ಷಣಾ ವ್ಯವಸ್ಥೆಯು 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಇಂತಹ ಹೊಸ ಸಾಧನಗಳ ಪ್ರಾಯೋಗಿಕ ಮಾದರಿಗಳು ದೋರನಹಳ್ಳಿ ಭಾಗದ ಹತ್ತಿ ಬೆಳೆಗಾರರ ಕೈಗೂ ಬರಬಹುದು. ಅವು ಹೊಲದಲ್ಲಿ ನಿಲ್ಲುತ್ತವೆಯೇ ಎಂಬುದನ್ನು ತಾವೇ ಪರೀಕ್ಷಿಸಬೇಕಾಗುತ್ತದೆ.

ಗುಲಾಬಿ ಕಾಯಿಕೊರಕದ ಮರಿಹುಳು ಕಾಯಿಯ ಒಳಗೆ ಅಡಗಿರುವುದರಿಂದ ಕಾಯಿಯ ಹೊರಚಿತ್ರ ಹೆಚ್ಚು ನೆರವಾಗದು. ವಾಧ್ವಾನಿ ಎಐ ಸಂಸ್ಥೆಯ ಸಾಧನವು ಮೋಹಕ ಬಲೆಗೆ ಬಿದ್ದ ಪತಂಗಗಳ ಚಿತ್ರದಿಂದ ಅವುಗಳನ್ನು ಎಣಿಸುತ್ತದೆ. ಈ ಮಾರ್ಗ ಸೂಕ್ತವಾದುದು. ಬಲೆಯೊಂದಕ್ಕೆ ರಾತ್ರಿಗೆ 8ರಂತೆ ಸತತ 3 ರಾತ್ರಿ ಪತಂಗಗಳು ಬಿದ್ದಲ್ಲಿ ನಿಯಂತ್ರಣ ಕ್ರಮ ಅಗತ್ಯ. ಇರುವ 5ನ್ನು ಯಂತ್ರವು 8 ಎಂದರೆ ಔಷಧದ ಖರ್ಚು ವ್ಯರ್ಥ. 8ನ್ನು 5 ಎಂದರೆ ಫಸಲಿಗೇ ಹಾನಿ. ಮಳೆಯಲ್ಲಿ ನೆನೆದು, ರೆಕ್ಕೆಯ ಪುಡಿ ಉದುರಿ, ಒಂದರ ಮೇಲೊಂದು ಬಿದ್ದ ಪತಂಗಗಳನ್ನು ಸಾಧನ ಹೇಗೆ ಎಣಿಸುತ್ತದೆಂಬುದು ತಮ್ಮ ಬಲೆಯ ಬಳಿಯೇ ತಿಳಿಯಬೇಕು.

ಮೊದಲ ಹಂಗಾಮಿನಲ್ಲಿ ಯಂತ್ರದ ಎಣಿಕೆಯ ಪಕ್ಕದಲ್ಲಿ ತಮ್ಮ ಕೈಎಣಿಕೆಯನ್ನೂ ಬರೆದಿಡಿ. ಎಕರೆಗೆ 20 ಹಸಿರು ಕಾಯಿಗಳನ್ನು ಒಡೆದು ನೋಡಿ. 2ರಲ್ಲಿ ಹುಳುವಿದ್ದರೆ ಬಾಧೆ ಶೇ 10 ಮುಟ್ಟಿದೆ ಎಂದರ್ಥ, ಯಂತ್ರ ಏನೇ ಹೇಳಲಿ. ವ್ಯತ್ಯಾಸ ಕಂಡಲ್ಲಿ ಚಿತ್ರಸಮೇತ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕೆ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ. ಧ್ವನಿಯಲ್ಲಿ ಉತ್ತರಿಸುವ ಸಾಧನವಾದರೆ ಪುಸ್ತಕದ ಕನ್ನಡ ಬಿಟ್ಟು, ಮನೆಯಲ್ಲಾಡುವ ಮಾತಿನಲ್ಲೇ ಪ್ರಶ್ನೆ ಕೇಳಿ.

ಮಾದರಿ ತಂದವರೊಡನೆ ಒಪ್ಪುವ ಮುನ್ನ, ತಪ್ಪು ಸಲಹೆಯಿಂದಾದ ನಷ್ಟವನ್ನು ಭರಿಸುವವರು ಯಾರೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.